ಪ್ರೇಮಲಾಳ ಕಲ್ಲಿಗೆ ಒಂದು ಪದ

ಹೋದ ತಿಂಗಳು ಕಣ್ಣು ತೋರಿಸಲೆಂದು ಕೊಲ್ಲಾಪುರಕ್ಕೆ ಹೊರಟಿದ್ದೆ. ನಿಪ್ಪಾಣಿ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ಮಳೆ ಆಗಷ್ಟೇ ಬಿಟ್ಟಿತ್ತು. ಪಕ್ಕದಲ್ಲಿ ಕೂತಿದ್ದ ಹುಡುಗಿ ಕಿಟಕಿಯ ಗಾಜು ಸರಿಸಿದಳು. ಹಸಿ ತಂಬಾಕಿನ ವಾಸನೆ ಒಳಗೆ ಬಂತು. ಬೇಸಿಗೆಯಲ್ಲಿ ಈ ವಾಸನೆ ಬರೀ ಘಾಟು, ಮೂಗಿಗೆ ಹೊಡೆಯುತ್ತದೆ. ಮಳೆಗಾಲದಲ್ಲಿ ಮಾತ್ರ ಗೋದಾಮಿನ ತಗಡುಗಳ ಕೆಳಗೆ ತಂಪು ಹಿಡಿದು, ಸ್ವಲ್ಪ ಬೆಲ್ಲ, ಸ್ವಲ್ಪ ಹಳೆಯ ಚರ್ಮದ ಚೀಲ ಅನ್ನುವ ಹಾಗೆ ಮೆತ್ತಗಾಗುತ್ತದೆ. ನಾನು ಸೀನಿದೆ. ಹುಡುಗಿ, "ಆಂಟಿ, ಮುಚ್ಚಲೇನ್ರಿ?" ಅಂದಳು. ಬೇಡಮ್ಮ, ಇರಲಿ ಅಂದೆ. ಈ ವಾಸನೆಯೊಳಗೆ ನಾನು ಒಂದು ಇಡೀ ಮಳೆಗಾಲ ಬದುಕಿದ್ದೇನೆ, ಅದನ್ನು ಆ ಹುಡುಗಿಗೆ ಹೇಗೆ ಹೇಳುವುದು?

ಲಾಕ್‌ಡೌನ್ ಮುಗಿದು ಒಂದೆರಡು ವರ್ಷ ಆಗಿತ್ತು. ನನ್ನ ತಂಗಿ ಸ್ಟೆಲ್ಲಾ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡಿದ್ದಳು. ಅವಳ ಮನೆ ನಿಪ್ಪಾಣಿಯಲ್ಲಿ, ಚರ್ಚಿನ ಹಿಂದಿನ ಓಣಿಯಲ್ಲಿ. ಅವಳನ್ನು ನೋಡಿಕೊಳ್ಳಲು ನಾನು ಬೆಳಗಾವಿಯಿಂದ ಬಂದೆ. ಒಂದು ಸೂಟ್‌ಕೇಸಿನಲ್ಲಿ ಸೀರೆಗಳು, ಇನ್ನೊಂದರಲ್ಲಿ ಹೀಬ್ರೂ ಗ್ರಾಮರ್ ಮತ್ತು ಬೈಬಲ್ಲಿನ ಯಾವ ಪದ ಎಲ್ಲೆಲ್ಲಿ ಬರುತ್ತದೆಂದು ತೋರಿಸುವ, ಇಟ್ಟಿಗೆಯಂಥ ಒಂದು ಕನ್ಕಾರ್ಡನ್ಸ್. ಸ್ಟೆಲ್ಲಾ ಅದನ್ನು ಎತ್ತಿ ನೋಡಿ, "ಅಕ್ಕಾ, ಇದನ್ನ ಕಾಲಮ್ಯಾಲ ಹಾಕ್ಕೊಂಡಿ ಅಂದ್ರ ನಿನ್ನ ಮೊಣಕಾಲಿಗೂ ಆಪರೇಷನ್ ನೋಡ" ಅಂದಳು.

ಹೀಬ್ರೂ ನನಗೆ ಹತ್ತಿದ್ದು ಮುದಿತನದ ಹುಚ್ಚು. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ನಮ್ಮ ಸಿಸ್ಟರುಗಳು ಬೈಬಲ್ಲಿನ ವಚನಗಳನ್ನು ಇಂಗ್ಲಿಷಿನಲ್ಲಿ ಎಷ್ಟು ಚೆಂದ ಬೈಹಾರ್ಟ್ ಮಾಡಿಸಿದ್ದರೆಂದರೆ, ಮೋಶೆಯೂ ಒಳ್ಳೆಯ ಕಾನ್ವೆಂಟ್ ಆಕ್ಸೆಂಟಿನಲ್ಲೇ ಮಾತಾಡುತ್ತಿದ್ದ ಎಂದು ನಾನು ಬಹುಕಾಲ ನಂಬಿದ್ದೆ. ಆಮೇಲೆ ಬದುಕಿಡೀ ಇಂಗ್ಲಿಷ್ ಟೀಚರ್. ರಿಟೈರ್ ಆಗಿ, ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತಾಗ ಫೋನಿನಲ್ಲೇ ಒಂದು ಕ್ಲಾಸು ಸೇರಿದೆ. ಬಲದಿಂದ ಎಡಕ್ಕೆ ಓದುವುದು, ಗಂಟಲಿನ ತಳದಿಂದ ಅಕ್ಷರ ಎತ್ತುವುದು. ಅದರ ಬೆನ್ನಿಗೆ ಸ್ವಲ್ಪ ಗ್ರೀಕ್. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ವಚನವೊಂದರ ಹಿಂದೆ ಅದರ ಮೊದಲಿನ ಪದ ಕಂಡಾಗ, ದಿನಾ ಹಾಯುವ ಓಣಿಯಲ್ಲಿ ಯಾವತ್ತೂ ಮುಚ್ಚಿರುತ್ತಿದ್ದ ಬಾಗಿಲೊಂದು ತೆರೆದ ಹಾಗೆ ಆಗುತ್ತಿತ್ತು. ಒಳಗೆ ಯಾರೋ ಸಂಸಾರ ಮಾಡಿಕೊಂಡಿದ್ದಾರೆ, ನಮಗೆ ಗೊತ್ತೇ ಇರಲಿಲ್ಲ.

ಸ್ಟೆಲ್ಲಾಗೆ ಚರ್ಚಿಗೆ ನಡೆಯಲು ಆಗುತ್ತಿರಲಿಲ್ಲ. ಹಾಗಾಗಿ ಬುಧವಾರ ಮಧ್ಯಾಹ್ನದ ಬೈಬಲ್ ಸ್ಟಡಿ ನಮ್ಮ ಮನೆಗೇ ಬಂತು. ಅಡುಗೆಮನೆಯ ಪಕ್ಕದ ಉದ್ದ ಟೇಬಲ್, ಸುತ್ತ ಓಣಿಯ ಹೆಂಗಸರು. ಅರ್ಧ ಮಂದಿಯ ಕೈಯಲ್ಲಿ ಕನ್ನಡ ಬೈಬಲ್, ಅರ್ಧ ಮಂದಿಯ ಕೈಯಲ್ಲಿ ಮರಾಠಿ. ಮರಾಠಿಯವರಲ್ಲಿ ಮುಂದಾಳು ಪಕ್ಕದ ಮನೆಯ ಇಂದುಮತಿ, ಟೇಲರಿಂಗ್ ಮಾಡುವವಳು, ಬಾಯಿ ಅವಳ ಕತ್ತರಿಯಷ್ಟೇ ಚುರುಕು. ಗಂಡಸು ಅಂತ ಇದ್ದದ್ದು ಒಬ್ಬರೇ, ಎಬೆನೇಜರ್ ಮಾಸ್ತರು.

ಮಾಸ್ತರು ಅಂದರೆ ಶಾಲೆಯ ಮಾಸ್ತರರಲ್ಲ, ಸ್ಟೇಶನ್ ಮಾಸ್ತರು. ಕುಡಚಿ, ರಾಯಬಾಗ ಅಂತ ಇದೇ ಭಾಗದ ಸ್ಟೇಶನ್ನುಗಳಲ್ಲಿ ಸರ್ವಿಸ್ ಮುಗಿಸಿ ನಿಪ್ಪಾಣಿಯಲ್ಲಿ ಮನೆ ಕಟ್ಟಿಸಿದ್ದರು. ಬಿಳಿ ಶರ್ಟು, ಇಸ್ತ್ರಿ ಗೆರೆ, ಮಳೆಯಲ್ಲೂ ಪಾಲಿಶ್ ಮಾಡಿದ ಬೂಟು. ಅವರ ಹೆಂಡತಿ ಪ್ರೇಮಲಾ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವಳು, ಸ್ಟೆಲ್ಲಾಳ ಜೀವದ ಗೆಳತಿ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ನಾನು ಪ್ರೇಮಲಾಳನ್ನು ಎರಡೋ ಮೂರೋ ಸಲ ಕಂಡಿದ್ದೆ, ಪ್ರತಿ ಸಲವೂ ಅವಳು ಗಂಡನ ಜೊತೆ ಏನಾದರೊಂದಕ್ಕೆ ವಾದ ಹೂಡಿರುತ್ತಿದ್ದಳು. ಅಕ್ಕಿ ಎಷ್ಟು ತೊಳೆಯಬೇಕು, ಅಥಣಿಗೆ ಯಾವ ದಾರಿ ಹತ್ತಿರ, ಗಡಿಯಾರ ಮುಂದಿದೆಯೋ ಹಿಂದಿದೆಯೋ. ಮಾಸ್ತರು ಆಗ ನಗುತ್ತಾ ಹೇಳಿದ್ದು ನೆನಪಿದೆ: "ಗಾಡಿ ಬಿಡೂದು ನನ್ನ ಕೈಯಾಗ ಐತ್ರಿ ಅಕ್ಕೋರ. ಮನ್ಯಾಗಿನ ಸಿಗ್ನಲ್ ಎಲ್ಲಾ ಆಕೀದು."

ಈಗ ನಗು ಇರಲಿಲ್ಲ. ಅಂತ್ಯಕ್ರಿಯೆಯ ದಿನ ನಡೆದದ್ದನ್ನು ಸ್ಟೆಲ್ಲಾ ನನಗೆ ಹೇಳಿದಳು. ಪರವೂರಿನಿಂದ ಬಂದ ಹಿರಿಯರೊಬ್ಬರು ಪೆಟ್ಟಿಗೆಯ ಮುಂದೆ ನಿಂತು ಬೈಬಲ್ಲಿನ ಆದಿಕಾಂಡ ತೆರೆದರು. ಮನುಷ್ಯ ಒಂಟಿಯಾಗಿರಬಾರದೆಂದು ದೇವರು ಅವನಿಗೆ ತಕ್ಕ ಸಹಕಾರಿಯನ್ನು ಉಂಟುಮಾಡಿದ ಭಾಗ. "ನಮ್ಮ ತಂಗಿ ಇವರು ಗಂಡನ ಮಾತಿಗೆ ಎಂದೂ ಎದುರಾಡದೆ ಅಂಥ ಸಹಕಾರಿಯಾಗಿ ಬಾಳಿದರು" ಎಂದರು. ಮಗಳು ಶೈಲಾ ಚಿಕ್ಕೋಡಿ ಕೋರ್ಟಿನಲ್ಲಿ ವಕೀಲೆ. ಅಳುತ್ತಾ ನಿಂತಿದ್ದವಳು ಈ ಮಾತಿಗೆ ಗೊಳ್ಳನೆ ನಕ್ಕುಬಿಟ್ಟಳಂತೆ. "ಯಾರ ಬಗ್ಗೆ ಹೇಳಾಕತ್ತಾರಿವ್ರು? ಪಪ್ಪಾ, ನೀವರೆ ಹೇಳ್ರಿ, ಇದು ಮಮ್ಮಿ ಏನು?" ಮಾಸ್ತರು ನೆಲ ನೋಡುತ್ತಾ, "ಬಾಯಿ ಮುಚ್ಚು, ಅವರು ಹೇಳೂದು ಬರೋಬ್ಬರಿ ಐತಿ" ಅಂದರಂತೆ. ಅವತ್ತು ಮಣ್ಣು ಹಾಕಿ ಚಿಕ್ಕೋಡಿಗೆ ಹೋದವಳು ತಿರುಗಿ ಆ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಸಮಾಧಿಗೆ ಕಲ್ಲು ಇನ್ನೂ ಕೂರಿಸಿರಲಿಲ್ಲ. ಅಲ್ಲಿಯದು ಎರೆಮಣ್ಣು. ಒಂದು ಮಳೆಗಾಲ ಕಳೆದು ಮಣ್ಣು ಇಳಿದು ಗಟ್ಟಿಯಾಗಬೇಕು, ಇಲ್ಲದಿದ್ದರೆ ಕಲ್ಲು ಒಂದು ಪಕ್ಕಕ್ಕೆ ವಾಲುತ್ತದೆ. ಮಳೆ ನಿಂತ ಮೇಲೆ ಕಲ್ಲು, ಕಲ್ಲಿನ ಮೇಲೆ ಆ ಹಿರಿಯರು ಹೇಳಿದ ಅದೇ ವಚನ ಎಂದು ಮಾಸ್ತರು ನಿಶ್ಚಯಿಸಿದ್ದರು. ಅದನ್ನು ಕೇಳಿ ಶೈಲಾ ಒಂದು ಶನಿವಾರ ನಮ್ಮಲ್ಲಿಗೆ ಬಂದಳು, ಬೇಕರಿಯ ಖಾರಿ ಬಿಸ್ಕೀಟಿನ ಪುಡಿಕೆ ಹಿಡಿದುಕೊಂಡು. ಅಪ್ಪನ ಮನೆ ನಾಲ್ಕು ಹೆಜ್ಜೆ ಆಚೆ. ಆ ಕಡೆ ತಿರುಗಿಯೂ ನೋಡಲಿಲ್ಲ.

"ಸ್ಟೆಲ್ಲಾ ಆಂಟಿ, ಪಪ್ಪಾಗ ಹೇಳಿಬಿಡ್ರಿ. ಆ ಪದ ಕಲ್ಲಿನ ಮ್ಯಾಲ ಇದ್ರ ನಾ ಬರಂಗಿಲ್ಲ."

"ಪವಿತ್ರ ಶಾಸ್ತ್ರದಾಗಿನ ಪದ ಅದು, ಶೈಲಾ" ಅಂದೆ ನಾನು.

"ಇರಬಹುದ್ರಿ. ಮಮ್ಮಿ ಪಪ್ಪಾನ ಒಂದ ಮಾತನ್ನೂ ಹಂಗ ಬಿಡಲಿಲ್ಲ. ಊಟದ ಟೇಬಲ್ ಮ್ಯಾಲ ಇಬ್ಬರದೂ ಕೇಳಿ ಕೇಳೀನ ನಾ ವಕೀಲ ಆಗೇನಿ. ಈಗ ಕಲ್ಲಿನ ಮ್ಯಾಲ ವಿಧೇಯಳು, ಸಹಕಾರಿ ಅಂತ ಬರದ್ರ ಏನಾತ್ರಿ? ಬದುಕಿದ್ದಾಗ ಆಕಿನ್ನ ಸುಮ್ನ ಮಾಡಾಕ ಆಗಲಿಲ್ಲ, ಸತ್ತ ಮ್ಯಾಲ ಸುಮ್ನ ಮಾಡಿದಂಗ ಆತು." ಖಾರಿ ಮುರಿದು ಚಹಾದಲ್ಲಿ ಅದ್ದಿದಳು, ತಿನ್ನಲಿಲ್ಲ. ಅದು ಕರಗಿ ಕಪ್ಪಿನ ತಳ ಸೇರಿತು.

ಮುಂದಿನ ಬುಧವಾರ ಜಡಿಮಳೆ. ತಗಡಿನ ಮೇಲೆ ಮಳೆ ಬೀಳುವ ಸದ್ದಿಗೆ ಓದಿದ್ದು ಕೇಳುತ್ತಿರಲಿಲ್ಲ. ನಡುವೆ ಮಾಸ್ತರ ಫೋನು ಹೊಡೆದುಕೊಂಡಿತು. ಅವರಿಗೆ ಕಿವಿ ಸ್ವಲ್ಪ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಚಿಕ್ಕೋಡಿ ರಸ್ತೆಯಲ್ಲಿ ಗ್ರಾನೈಟ್ ಅಂಗಡಿ ಇಟ್ಟಿರುವ ದಸ್ತಗೀರ ಮಾತಾಡುತ್ತಿದ್ದ.

"ಸಾಹೇಬ್ರ, ಕಲ್ಲಿನ ಮ್ಯಾಲ 'ಸಹಕಾರಿ' ಅಂತ ಹಾಕಂದ್ರಿ. ಅದರ ಮುಂದ ಏನ್ ಬರತೈತ್ರಿ? ಸಕ್ಕರಿ ಫ್ಯಾಕ್ಟರೀನೋ, ಬ್ಯಾಂಕೋ? ಬರೇ ಸಹಕಾರಿ ಅಂದ್ರ ಅರ್ಧ ಆಕ್ಕೈತಲ್ರಿ."

ಟೇಬಲ್ಲಿನ ಸುತ್ತ ಎಲ್ಲರೂ ಬೈಬಲ್ಲಿನೊಳಗೆ ಮುಖ ಹಾಕಿದರು. ಮಾಸ್ತರು ಗಂಟಲು ಸರಿಮಾಡಿಕೊಂಡು, "ಸೊಸಾಯಿಟಿ ಅಲ್ಲೋ ಮಾರಾಯಾ. ಹಂಗಾರ 'ಸಹಾಯಕಿ' ಅಂತ ಹಾಕು" ಅಂದರು.

ದಸ್ತಗೀರ ಬಹಳ ಗೌರವದಿಂದ ಕೇಳಿದ. "ಮೇಡಮ್ಮರು ಅಂಗನವಾಡಿಯಾಗಿದ್ರೇನ್ರಿ? ನಾ ನರ್ಸ್ ಅಂತ ತಿಳದಿದ್ದೆ. ಹಂಗಿದ್ರ ಯಾವ ಕೇಂದ್ರ ಅನ್ನೂದೂ ಹಾಕ್ತೇನ್ರಿ."

ಇಂದುಮತಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದ ಅವಳ ನಗು ಕೇಳಿತು. ಮಾಸ್ತರು ನಗಲಿಲ್ಲ. ಫೋನು ಬಂದ್ ಮಾಡಿ, ಟೇಬಲ್ಲಿನ ಮೇಲೆ ಅಡಿಮೇಲಾಗಿ ಇಟ್ಟರು. ನನ್ನ ಕಡೆ ತಿರುಗಿದರು.

"ಅಕ್ಕೋರ, ನೀವು ಯೆಹೂದ್ಯರ ಭಾಷೆ ಕಲತೀರಿ ಅಂತಾರ. ಅಲ್ಲಿ ಏನ ಐತಿ ಪದ? ಇದ ಐತೇನು?"

ಮುಂದಿನ ವಾರ ಹೇಳುತ್ತೇನೆ ಅಂದೆ. ಆ ವಾರ ಪೂರ್ತಿ ಕನ್ಕಾರ್ಡನ್ಸ್ ನನ್ನ ತೊಡೆಯ ಮೇಲೇ ಇತ್ತು. ಸ್ಟೆಲ್ಲಾಗೆ ಕಾಲಿನ ಎಕ್ಸರ್ಸೈಜ್ ಮಾಡಿಸುವಾಗಲೂ ಬಾಯಲ್ಲಿ ಹೀಬ್ರೂ. ಹೊರಗೆ ತಂಬಾಕಿನ ಗೋದಾಮಿಗೆ ಹೋಗುವ ಹೆಂಗಸರು ಪ್ಲಾಸ್ಟಿಕ್ ಹೊದ್ದುಕೊಂಡು ಸಾಲಾಗಿ ಹೋಗುತ್ತಿದ್ದರು, ಅವರು ಹೋದ ಮೇಲೂ ಅವರ ಬಟ್ಟೆಯ ವಾಸನೆ ಓಣಿಯಲ್ಲಿ ನಿಂತಿರುತ್ತಿತ್ತು. ನನಗೆ ಒಳಗೊಳಗೇ ಅಂಜಿಕೆ. ಕ್ಲಾಸಿನಲ್ಲಿ ಪದದ ಅರ್ಥ ಹೇಳುವುದು ಒಂದು. ಅಪ್ಪ ಮಗಳ ನಡುವೆ ಹೋಗಿ ಅದನ್ನು ಇಡುವುದು ಇನ್ನೊಂದು.

ಬುಧವಾರ ಬಂತು. ಮಳೆ ಸಣ್ಣದಾಗಿತ್ತು. ಟೇಬಲ್ಲಿನ ನಡುವೆ ಶೇಂಗಾ, ಚಹಾ.

"ಅಲ್ಲಿ ಎರಡು ಪದ ಇವೆ" ಅಂದೆ. "ಏಜೆರ್, ಕೆನೆಗ್ದೋ. ಮೊದಲನೆಯದು ಏಜೆರ್, ಅಂದರೆ ನೆರವು. ಆದರೆ ಕೈಕೆಳಗಿನವರು ಮಾಡುವ ನೆರವಲ್ಲ. ಹಳೆಯ ಒಡಂಬಡಿಕೆಯಲ್ಲಿ ಈ ಪದ ಹೆಚ್ಚಾಗಿ ಬರುವುದು ದೇವರಿಗೇ. ಬೆಟ್ಟಗಳ ಕಡೆ ಕಣ್ಣೆತ್ತಿ, ನನಗೆ ಸಹಾಯ ಎಲ್ಲಿಂದ ಅಂತ ಕೇಳುವ ಕೀರ್ತನೆ ಇದೆಯಲ್ಲ, ಅಲ್ಲಿರುವುದೂ ಇದರದೇ ಬೇರಿನ ಪದ. ತನ್ನಿಂದ ಆಗದು ಅಂದಾಗ ಬರುವ ನೆರವು."

"ಮರಾಠಿಯಾಗ ನಮಗ 'ಅನುರೂಪ ಸಾಹಾಯ್ಯಕ' ಅಂತ ಐತ್ರಿ" ಅಂದಳು ಇಂದುಮತಿ. "ಅನುರೂಪ ಅಂದ್ರ ಪೇಪರಿನ್ಯಾಗ ವಧು ಬೇಕಾಗೈತಿ ಅಂತ ಹಾಕತಾರಲ್ಲ, ಹಂಗ. ಹಂಗಾರ ಹೆಣ್ಣ ನೋಡಾಕ ಮೊದಲ ಹೊಂಟಾಂವ ದೇವರಽ ನೋಡ್ರಿ."

"ಮಾಸ್ತರ, ನಿಮ್ಮ ಹೆಸರಲ್ಲೇ ಇದೆ ಈ ಪದ" ಅಂದೆ. "ಎಬೆನ್ ಅಂದರೆ ಕಲ್ಲು, ಏಜೆರ್ ನೆರವು. ದೇವರು ನೆರವಾದ ನೆನಪಿಗೆ ಸಮುವೇಲ ಪ್ರವಾದಿ ನೆಟ್ಟ ಕಲ್ಲಿನ ಹೆಸರು ಅದು."

ಮಾಸ್ತರು ಕನ್ನಡಕ ತೆಗೆದರು. "ನನ್ನ ಹೆಸರಿನ್ಯಾಗ? ನಮ್ಮ ಮುತ್ತ್ಯಾಂದಿತ್ತು ಈ ಹೆಸರು. ರೇಲ್ವೆದಾಗ ಯಾರಿಗೂ ಬರಲಿಲ್ಲ ಇದು, ಎಲ್ಲಾರೂ ಇಂಜಿನೇರ್ ಮಾಸ್ತರ ಅನ್ನಾವರು."

"ಅಂದ್ರ ಇಷ್ಟ ದಿನ ಸಹಾಯಕಿ ಆಗಿದ್ದಾವ್ರು ನೀವ ಆತ್ರಲ್ಲ" ಎಂದಳು ಇಂದುಮತಿ. ಈ ಸಲ ಮಾಸ್ತರ ತುಟಿಯೂ ಸ್ವಲ್ಪ ಅಲುಗಿತು.

ಗ್ರೀಕ್ ಅನುವಾದದಲ್ಲಿ ಇದೇ ಜಾಗದಲ್ಲಿರುವ ಪದವನ್ನೂ ಹೇಳಿದೆ. ಬೊಎಥೊಸ್. ಬೊಎ ಅಂದರೆ ಕೂಗು, ಅದಕ್ಕೆ ಓಡುವುದು ಎಂಬ ಮಾತು ಸೇರಿದೆ. ಕೂಗು ಕೇಳಿ ಓಡಿ ಬರುವವರು. ನಾನು ಮುಂದೆ ಹೇಳುವ ಮೊದಲೇ ಸ್ಟೆಲ್ಲಾ, ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು, "ಪ್ರೇಮಲಾ" ಅಂದಳು, ಅಷ್ಟೇ. ಕುಡಚಿಯಲ್ಲಿ ಕೃಷ್ಣೆ ಏರಿ ಬಂದ ವರ್ಷ ರೇಲ್ವೆ ಕ್ವಾರ್ಟರ್ಸಿನಿಂದ ನಡುಮಟ ನೀರಿನಲ್ಲಿ ಯಾರದೋ ಹೆರಿಗೆ ಮಾಡಿಸಲು ಹೋದವಳು ಅವಳು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೋಗಬೇಡ ಎಂದು ಮಾಸ್ತರು ಬಾಗಿಲಿಗೆ ಅಡ್ಡ ನಿಂತಿದ್ದು, ಅವರ ಕೈ ಸರಿಸಿ ಅವಳು ಇಳಿದದ್ದು, ಅದೂ ಗೊತ್ತಿತ್ತು.

"ಇನ್ನೊಂದು ಪದ ಅಂದ್ರಿ" ಮಾಸ್ತರು ನೆನಪಿಸಿದರು.

"ಕೆನೆಗ್ದೋ. ಇದನ್ನೇ ನಮ್ಮವರು 'ತಕ್ಕ' ಅಂತ ಮಾಡಿದ್ದಾರೆ, ಮರಾಠಿಯವರು 'ಅನುರೂಪ'. ಬಿಡಿಸಿದರೆ ನಡುವೆ ನೆಗೆದ್ ಅಂತ ಸಿಗುತ್ತದೆ. ನೆಗೆದ್ ಅಂದರೆ ಎದುರು. ಅವನ ಎದುರಿಗೆ ಇರುವಂಥದ್ದು. ಕೆಳಗೆ ಅಂತಿಲ್ಲ, ಹಿಂದೆ ಅಂತಿಲ್ಲ."

"ಎದುರ ಅಂದ್ರ?" ಅವರು ಟೇಬಲ್ಲಿನ ಮೇಲೆ ಎರಡೂ ಅಂಗೈ ಊರಿದರು. "ಎದುರ ಕೂಡೂದೋ, ಎದುರ ಮಾತಾಡೂದೋ?"

ನನ್ನ ಗ್ರಾಮರ್ ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ. ಇಂಗ್ಲಿಷಿನಲ್ಲಿ ಓದಿದವರಿಗೆ ಇದು ಹೊಳೆಯುವುದೂ ಇಲ್ಲ. ಎದುರು ಎಂಬ ಒಂದೇ ಪದದಲ್ಲಿ ಎರಡನ್ನೂ ಇಟ್ಟುಕೊಂಡಿರುವ ಕನ್ನಡದವರೇ ಕೇಳಬೇಕು. "ಹಳೆಯ ಯೆಹೂದಿ ಪಂಡಿತರು ಎರಡೂ ಅರ್ಥ ಹೇಳಿದ್ದಾರೆ ಮಾಸ್ತರ" ಅಂದೆ. "ಪದದೊಳಗೆ ಎರಡಕ್ಕೂ ಜಾಗ ಇದೆ."

ಚಹಾದ ಮೇಲೆ ಕೆನೆ ಕಟ್ಟಿತು.

"ಅಕ್ಕೋರ" ಅಂದರು ಕಡೆಗೆ, ತಮ್ಮಷ್ಟಕ್ಕೆ ಹೇಳಿಕೊಳ್ಳುವ ಹಾಗೆ. "ಆಕಿ ಎದುರ ಮಾತಾಡ್ತಿದ್ದಳು. ಶಾಸ್ತ್ರದಾಗ ಅದು ತಪ್ಪು ಅಂತ ತಿಳದಿದ್ದೆ ನಾನು. ಹೋಗೂ ಮುಂದ ದೇವರ ಎದುರ ಆಕೀಗೆ ಅದನ್ನ ಯಾರರೆ ಎತ್ತಿ ಆಡಬಾರದು, ಒಂದ ಚಲೋ ಸರ್ಟಿಫಿಕೇಟ್ ಇರಲಿ ಅಂತ ಆ ಪದ ಹಾಕಸಾಕ ಹೊಂಟಿದ್ದೆ. ಆ ಹಿರ್ಯಾರು ಹಂಗ ಅಂದಾಗ ಹೌದು ಅಂದದ್ದೂ ಅದಕ್ಕ. ಶೈಲಾಗ ಇದು ಗೊತ್ತಿಲ್ಲ."

ಅವರು ಚಹಾದ ಕಪ್ಪನ್ನು ಬದಿಗೆ ಸರಿಸಿದರು.

"ಈಗ ಮನ್ಯಾಗ ನಾ ಹೇಳಿದ್ದೆಲ್ಲಾ ಖರೇ ಆಗತೈತ್ರಿ. ಇವತ್ತ ಮಳಿ ಬರಂಗಿಲ್ಲ ಅಂತೇನಿ, ಬರತೈತಿ ಅನ್ನಾಕ ಯಾರೂ ಇಲ್ಲ. ಸಾರಿಗೆ ಉಪ್ಪ ಹೆಚ್ಚಾಗೇತಿ ಅಂತೇನಿ, ನಿಮ್ಮ ನಾಲಗಿ ಕೆಟ್ಟೈತಿ ಅನ್ನಾವರಿಲ್ಲ. ಎಲ್ಲಾ ಬರೋಬ್ಬರಿ. ಎದುರ ನೋಡಿದ್ರ ಬರೇ ಗ್ವಾಡಿ." ಕನ್ನಡಕ ಹಾಕಿಕೊಳ್ಳಲು ಹೋದರು, ಕಿವಿಗೆ ಸಿಗಲಿಲ್ಲ. ಸ್ಟೆಲ್ಲಾ ಕೈಚಾಚಿ ಸರಿಮಾಡಿದಳು.

ಆಮೇಲೆ ನಮ್ಮ ಮುಂದೆಯೇ ಫೋನು ತೆಗೆದರು. "ದಸ್ತಗೀರ, ಆ ಪದ ತಗದುಬಿಡು. 'ಎದುರಿಗಿದ್ದವಳು' ಅಂತ ಹಾಕು."

"ಯಾರ ಎದುರಿಗ್ರಿ ಸಾಹೇಬ್ರ?"

"ನನ್ನ."

ಆ ಕಡೆಯಿಂದ ಕಲ್ಲು ಕತ್ತರಿಸುವ ಮಶೀನಿನ ಸದ್ದಷ್ಟೇ ಕೇಳಿತು. ಆಮೇಲೆ, "ಆತ್ರಿ. ತಿಳೀತ್ರಿ" ಅಂದ ದಸ್ತಗೀರ.

ಅಲ್ಲಿಂದ ಮುಂದೆ ಮಳೆ ತಗ್ಗುತ್ತಾ ಬಂತು. ಸ್ಟೆಲ್ಲಾ ವಾಕರ್ ಬಿಟ್ಟು ಕೋಲು ಹಿಡಿದಳು. ಕಬ್ಬು ಆಳೆತ್ತರವಾಗಿ ರಸ್ತೆಯ ಎರಡೂ ಬದಿ ಮುಚ್ಚಿಕೊಂಡಿತು. ಮಾಸ್ತರು ಮಗಳಿಗೆ ತಾವೇ ಫೋನು ಮಾಡಲಿಲ್ಲ, ಮಾಡುವ ಮನುಷ್ಯರಲ್ಲ. ಸ್ಟೆಲ್ಲಾಳೇ ಚಿಕ್ಕೋಡಿಗೆ ಫೋನು ಹಚ್ಚಿ ದಿನ ತಿಳಿಸಿದಳು. ಕಲ್ಲಿನ ಮೇಲೆ ಏನಿದೆ ಎಂದು ಶೈಲಾ ಕೇಳಿದಳಂತೆ. ಬಂದು ಓದಿಕೋ ಅಂದಳಂತೆ ಸ್ಟೆಲ್ಲಾ. ಶೈಲಾ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಕಲ್ಲು ಕೂರಿಸಿದ ದಿನ ಬಿಸಿಲು ಎಷ್ಟು ತೊಳೆದಂತಿತ್ತು ಅಂದರೆ ಸಿಮೆಟರಿಯ ಹುಲ್ಲು ನೋಡಿದರೆ ಕಣ್ಣು ಕಿರಿದಾಗುತ್ತಿತ್ತು. ದಸ್ತಗೀರ ತನ್ನ ಆಳುಗಳ ಜೊತೆ ಕಲ್ಲು ಇಳಿಸಿ, ಮಟ್ಟ ಹಿಡಿದು ನೋಡಿ, ಒಂದು ಒದ್ದೆ ಬಟ್ಟೆಯಿಂದ ಒರೆಸಿದ. ಪಾಸ್ಟರ್ ಗಡಿಯಾರ ನೋಡಿದರು. ಮಾಸ್ತರು, "ಇನ್ನಽ ಸ್ವಲ್ಪ ತಡೀರಿ" ಅಂದರು. ಜೀವಮಾನವಿಡೀ ಗಾಡಿಯನ್ನು ಟೈಮಿಗೆ ಸರಿಯಾಗಿ ಬಿಟ್ಟವರು ಗೇಟಿನ ಕಡೆ ನೋಡುತ್ತಾ ನಿಂತರು. ಮತ್ತೆ ಸ್ವಲ್ಪ ಅಂದರು. ಮೂರನೆಯ ಸಲ ಪಾಸ್ಟರ್ ತಾವಾಗಿಯೇ ಕೇಳುವುದನ್ನು ಬಿಟ್ಟು, ಬೇರೆ ಸಮಾಧಿಗಳ ಹೆಸರು ಓದುತ್ತಾ ಅಡ್ಡಾಡತೊಡಗಿದರು. ಕಡೆಗೆ ಮಾಸ್ತರೇ, "ಶುರು ಮಾಡ್ರಿ" ಅಂದರು, ದನಿ ಇಲ್ಲದ ದನಿಯಲ್ಲಿ.

ಪ್ರಾರ್ಥನೆ ಅರ್ಧಕ್ಕೆ ಬಂದಾಗ ಗೇಟಿನ ಹತ್ತಿರ ಸ್ಕೂಟಿ ನಿಂತ ಸದ್ದಾಯಿತು. ಶೈಲಾ ಕೋರ್ಟಿನಿಂದ ಹಾಗೆಯೇ ಬಂದಿದ್ದಳು, ಕರಿ ಕೋಟು, ಬಿಳಿ ಬ್ಯಾಂಡ್, ಚಪ್ಪಲಿಗೆ ಕೆಸರು. ಯಾರನ್ನೂ ನೋಡದೆ ನೇರ ಕಲ್ಲಿನ ಮುಂದೆ ಬಂದು ನಿಂತು ಓದಿದಳು. ಅಮ್ಮನ ಹೆಸರು. ಕೆಳಗೆ ಒಂದೇ ಸಾಲು: ನನ್ನ ಎದುರಿಗಿದ್ದವಳು. ಬಹಳ ಹೊತ್ತು ಓದಿದಳು, ಅಷ್ಟು ಚಿಕ್ಕ ಸಾಲನ್ನು. ಆಮೆನ್ ಆದ ಮೇಲೂ ತಲೆ ಎತ್ತಲಿಲ್ಲ. ಮಾಸ್ತರು ತಮ್ಮ ಬೂಟಿನ ತುದಿ ನೋಡುತ್ತಾ ನಿಂತಿದ್ದರು.

"ಪಪ್ಪಾ" ಅಂದಳು. ದನಿ ಒಡೆದಿತ್ತು, ಮೂಗು ಏರಿಸಿಕೊಂಡಳು. "ಇದು ತಪ್ಪ ಐತಿ."

"ಏನ ತಪ್ಪು?"

"'ಇದ್ದವಳು' ಯಾಕ? ಭೂತಕಾಲ ಯಾಕ ಹಾಕ್ಸೀರಿ? 'ಎದುರಿಗಿರುವವಳು' ಅಂತ ಆಗಬೇಕು."

"ಕಲ್ಲಿನ ಮ್ಯಾಲ ಹಿಂಗಽ ಬರೀತಾರ."

"ಯಾರು ಬರೀತಾರ? ಯಾವ ರೂಲ್‌ದಾಗ ಐತಿ? ನಿಮಗ ಪುನರುತ್ಥಾನದ ಮ್ಯಾಲ ನಂಬಿಗಿ ಐತೋ ಇಲ್ಲೋ, ಅದನ್ನರೆ ಹೇಳ್ರಿ."

"ನಂಬಿಗಿ ಬ್ಯಾರೆ, ಗ್ರಾಮರ್ ಬ್ಯಾರೆ" ಅಂದರು ಮಾಸ್ತರು. ತಲೆ ಎತ್ತಿದ್ದರು. ಇಷ್ಟು ತಿಂಗಳಲ್ಲಿ ಅವರ ಬೆನ್ನು ಅಷ್ಟು ನೇರ ಆದದ್ದನ್ನು ನಾನು ಕಂಡಿರಲಿಲ್ಲ. "ನಿಮ್ಮವ್ವಾನೂ ಹಿಂಗಽ. ಕೆತ್ತಿ ಮುಗಿದ ಮ್ಯಾಲ ತಪ್ಪ ಹುಡುಕಾಕಿ."

"ಮೊದಲ ತೋರಿಸಿದ್ರ ಮೊದಲ ಹುಡುಕತಿದ್ದೆ. ದಸ್ತಗೀರಣ್ಣಾ, ಇದನ್ನ ತಿದ್ದಾಕ ಬರತೈತೇನು?"

"ಕಲ್ಲ್ರೀ ಅಕ್ಕಾರ ಇದು" ಅಂದ ದಸ್ತಗೀರ ದೈನ್ಯದಿಂದ.

ಅಪ್ಪ ಮಗಳು ಗೇಟಿನ ಕಡೆ ನಡೆಯತೊಡಗಿದರು, ಇಬ್ಬರೂ ಒಟ್ಟಿಗೇ ಮಾತಾಡುತ್ತಾ. ಅವಳು ಕೈ ಬೀಸಿ ಏನೋ ಹೇಳುತ್ತಿದ್ದಳು, ಅವರು ತಲೆ ಅಲ್ಲಾಡಿಸುತ್ತಿದ್ದರು. ಅಂಟಿನ ಮಣ್ಣಿನಲ್ಲಿ ಮಾಸ್ತರ ಕಾಲು ಜಾರಿತು. ಅವಳು ಮಾತು ನಿಲ್ಲಿಸದೆಯೇ ಅವರ ರೆಟ್ಟೆ ಹಿಡಿದಳು. ಮನೆಗೆ ಹೋಗಿ ಊಟ ಮಾಡೋಣವೋ, ಖಾನಾವಳಿಗೆ ಹೋಗೋಣವೋ ಎಂಬುದಕ್ಕೂ ಶುರುವಾಗಿರಬೇಕು, ಮಾಸ್ತರು ಓಣಿಯ ಕಡೆ ಬೆರಳು ತೋರಿಸಿದರು.

ಅವರನ್ನು ತಡೆದು ನಾನು ಒಂದು ಮಾತು ಹೇಳಬಹುದಿತ್ತು. ಹೀಬ್ರೂವಿನ ಆ ಎರಡು ಪದಗಳಲ್ಲಿ ಕ್ರಿಯಾಪದವೇ ಇಲ್ಲ. ಎದುರಿಗಿದ್ದಳು ಅಂತಲೂ ಇಲ್ಲ, ಎದುರಿಗಿದ್ದಾಳೆ ಅಂತಲೂ ಇಲ್ಲ. ಹೇಳಿದ್ದರೆ ಜಗಳ ಅಲ್ಲಿಗೇ ಮುಗಿದುಹೋಗುತ್ತಿತ್ತು.

ನಾನು ಹೇಳಲಿಲ್ಲ.